ಅಳತೆ ಕೂಗುವವಳು

ಹನ್ನೆರಡು ವರ್ಷದಿಂದ ಆ ಹೊಲಿಗೆ ಅಂಗಡಿಯಲ್ಲಿ ಅಳತೆ ಕೂಗುತ್ತಿದ್ದವಳು ಅತ್ತಿಗೆ, ಬರೆದುಕೊಳ್ಳುತ್ತಿದ್ದವಳು ಅವಳ ನಾದಿನಿ. ಅಂಗಡಿಯಲ್ಲಿ ಒಂದು ಕಟ್ಟುನಿಟ್ಟು: ಕೂಗುವವಳು ಚೀಟಿ ನೋಡಬಾರದು, ಬರೆಯುವವಳು ಟೇಪು ನೋಡಬಾರದು. ಇಬ್ಬರೂ ನೋಡಿದರೆ ಇಬ್ಬರೂ ಊಹಿಸುತ್ತಾರೆ, ಆಮೇಲೆ ಕೋಟಿನ ಗುಂಡಿ ಕೂಡುವುದಿಲ್ಲ ಎಂದು ಅಂಗಡಿಯ ಯಜಮಾನರ ವಾದ.

ಒಂದು ದಿನ ಜರ್ಮನ್ ಆಡುವ ಊರಿನ ನಾಟಕ ಕಂಪನಿಯಿಂದ ಕಾಗದ ಬಂತು. ಆರು ತಿಂಗಳಿಗೆ ಒಬ್ಬರನ್ನು ಕಳಿಸಿ, ಅಳತೆ ಮಾತ್ರ ಸೆಂಟಿಮೀಟರಿನಲ್ಲಿ, ಜರ್ಮನ್‌ನಲ್ಲೇ ಕೂಗಬೇಕು. ಅತ್ತಿಗೆ ಆವತ್ತೇ ಮನಸ್ಸಿನಲ್ಲಿ ಗಂಟುಮೂಟೆ ಕಟ್ಟಿದಳು. ಕೂಗುವವಳು ತಾನಲ್ಲದೆ ಇನ್ಯಾರು? "ಕಲಿಯೋದಾದ್ರೆ ಇಬ್ರೂ ಕಲೀರಿ" ಎಂದು ಯಜಮಾನರು ಹೇಳುವವರೆಗೆ ಅವಳಿಗೆ ನಾದಿನಿಯ ನೆನಪೇ ಇರಲಿಲ್ಲ.

ಮೊಬೈಲಿನಲ್ಲಿ ಒಬ್ಬ ಹೆಂಗಸು ಒಂದರಿಂದ ನೂರರವರೆಗೆ ಹೇಳಿಕೊಡುತ್ತಿದ್ದಳು. ಐದರ ಹತ್ತಿರ ಬರುವಷ್ಟರಲ್ಲೇ ಅತ್ತಿಗೆ ಬೆವೆತಳು. 'ಫ್ಯುನ್ಫ್' ಅನ್ನಲು ತುಟಿ ಚೂಪು ಮಾಡಿ, ಒಳಗಿನಿಂದ 'ಈ' ಅನ್ನಬೇಕಂತೆ. ಅವಳು ತುಟಿ ಚೂಪು ಮಾಡಿದರೆ ಸಿಳ್ಳೆ ಬರುತ್ತಿತ್ತು, ಐದು ಬರುತ್ತಿರಲಿಲ್ಲ. ಇಪ್ಪತ್ತು ದಾಟಿದ ಮೇಲಂತೂ ಎಲ್ಲ ತಲೆಕೆಳಗು. ಅರವತ್ತೈದಕ್ಕೆ 'ಐದು ಮತ್ತು ಅರವತ್ತು' ಅನ್ನುವ ಜನ ಅಂಗಿ ಹೇಗೆ ತೊಡುತ್ತಾರೋ ಎಂದು ಗೊಣಗಿದಳು.

ನಾದಿನಿಗೋ ನೀರು ಕುಡಿದಷ್ಟು ಸಲೀಸು. ಗುಂಡಿಯ ಕಾಜಾ ಹೊಲಿಯುತ್ತಾ ಎಣಿಸುವಳು, ಇಸ್ತ್ರಿ ಮಾಡುತ್ತಾ ಎಣಿಸುವಳು. "ನನ್ನ ತಂಗಿ ಬಾಯಲ್ಲಿ ಎಷ್ಟು ಚೆನ್ನಾಗಿ ಬರುತ್ತೆ ನೋಡೇ" ಎಂದು ಗಂಡ ಮೆಚ್ಚಿದಾಗ ಅತ್ತಿಗೆಗೆ ಹೊಟ್ಟೆಯಲ್ಲಿ ಕೆಂಡ ಬಿದ್ದ ಹಾಗಾಯಿತು.

"ನಾನು ಹೇಳಿಕೊಡ್ಲಾ ಅತ್ತಿಗೆ?"

"ನಿನ್ನ ಕಾಜಾ ನೀನು ನೋಡ್ಕೋ."

ಪರೀಕ್ಷೆಯ ದಿನ ಬಂತು. ಯಜಮಾನರಿಗೆ ಜರ್ಮನ್ ಬಾರದು. ಅವರು ಅಳತೆಯ ಬೊಂಬೆಗೆ ಹತ್ತಿ ಸುತ್ತಿ, ತಾವೇ ಅಳೆದು, ಚೀಟಿ ಜೇಬಿಗಿಟ್ಟುಕೊಂಡರು. ಯಾರು ಕೂಗಿ ಬರೆಸಿದ್ದು ಆ ಚೀಟಿಗೆ ಹೊಂದುತ್ತದೋ ಅವಳಿಗೆ ಪ್ರಯಾಣ.

ಮೊದಲು ಅತ್ತಿಗೆ ಕೂಗಿದಳು, ನಾದಿನಿ ಬರೆದಳು. ಏನು ಕೂಗಿದಳೋ ಅವಳಿಗೇ ನೆಚ್ಚಿಕೆ ಇರಲಿಲ್ಲ. ಆಮೇಲೆ ಯಜಮಾನರು ಹತ್ತಿ ಬದಲಿಸಿ ಮತ್ತೆ ಅಳೆದರು. ಈಗ ಕೂಗುವ ಸರದಿ ನಾದಿನಿಯದು, ಬರೆಯುವುದು ಅತ್ತಿಗೆಯದು. ಸೊಂಟದ ಹತ್ತಿರ ಬಂದು, ಸ್ವಲ್ಪವೂ ತಡವರಿಸದೆ, ಆ ಹಾಳು ಐದನ್ನು ಮಣಿಯ ಹಾಗೆ ಉದುರಿಸಿದಳು. ಅರವತ್ತೈದು. ಅತ್ತಿಗೆಗೆ ಸ್ಪಷ್ಟವಾಗಿ ಕೇಳಿಸಿತು. ಅವಳ ಪೆನ್ಸಿಲ್ ಒಂದು ಗಳಿಗೆ ನಿಂತಿತು. ಆಮೇಲೆ ಐವತ್ತಾರು ಎಂದು ಬರೆಯಿತು.

ಯಜಮಾನರು ಚೀಟಿಗಳನ್ನು ಹೊಂದಿಸಿ ನೋಡಿದರು. "ಹುಡುಗಿ ಕೂಗಿದ ಸೊಂಟ ತಿರುಗುಮುರುಗಾಯ್ತು. ದೊಡ್ಡವಳದು ಎಲ್ಲಾ ಸರಿ. ನೀನೇ ಹೊರಡಮ್ಮ."

ಅಂಗಡಿಯವರೆಲ್ಲ ಚಪ್ಪಾಳೆ ತಟ್ಟಿದರು. ನಾದಿನಿ ಟೇಪು ಸುತ್ತುತ್ತಾ ಹತ್ತಿರ ಬಂದು ಪಿಸುಗುಟ್ಟಿದಳು: "ಎರಡು ಕಡೆ ತಪ್ಪಿ ಕೂಗಿದ್ರಿ ಅತ್ತಿಗೆ. ನಾನು ಟೇಪು ನೋಡಿಬಿಟ್ಟು ಸರಿ ಮಾಡಿ ಬರೆದೆ. ಯಾರಿಗೂ ಹೇಳ್ಬೇಡಿ. ನಂದು ಅದು ಹೇಗೆ ತಪ್ಪಿತೋ ಗೊತ್ತಾಗ್ಲಿಲ್ಲ."

ಅತ್ತಿಗೆ ಅವಳ ಮುಖ ನೋಡಿದಳು. ಅದರಲ್ಲಿ ಕಪಟದ ಎಳೆಯೂ ಇರಲಿಲ್ಲ. ತನಗಿಂತ ಚೆನ್ನಾಗಿ ಎಣಿಸುವುದಷ್ಟೇ ಅಲ್ಲ, ತನಗಿಂತ ಒಳ್ಳೆಯವಳೂ ಆಗಬೇಕಿತ್ತೇ ಇವಳು? ಅದಕ್ಕೂ ಹೊಟ್ಟೆ ಉರಿಯಿತು. ಉರಿ ತಡೆಯಲಾರದೆ ಅವಳು ಯಜಮಾನರ ಮೇಜಿನ ಮುಂದೆ ಹೋಗಿ ನಿಂತಳು.

"ನನ್ನ ಚೀಟಿ ತಿದ್ದಿದ್ದು ಇವಳು. ಇವಳ ಚೀಟಿ ಕೆಡಿಸಿದ್ದು ನಾನು. ಸೊಂಟ ಸರಿಯಾಗೇ ಕೂಗಿದ್ಲು."

"ಏನಂತ ಕೂಗಿದ್ಲು?" ಎಂದರು ಯಜಮಾನರು, ಕನ್ನಡಕ ತೆಗೆದು.

ಅತ್ತಿಗೆ ತುಟಿ ಚೂಪು ಮಾಡಿದಳು. "ಫ್ಯುನ್ಫ್-ಉಂಟ್-ಜೆಶ್ತ್ಸಿಶ್." ಸಿಳ್ಳೆ ಬರಲಿಲ್ಲ. ಐದು ಬಂತು, ಮೊದಲ ಸಲ, ಚೊಕ್ಕವಾಗಿ.

ಅದು ಸರಿಯೆಂದು ಅಲ್ಲಿ ಗೊತ್ತಾಗಿದ್ದು ಒಬ್ಬಳಿಗೆ ಮಾತ್ರ. "ಬಂತು ಅತ್ತಿಗೆ, ಬಂತು!" ಎಂದು ಅವಳು ಹಿಂದೆ ನಿಂತು ಕುಣಿದಾಡಿದಳು.