ಎಡಕ್ಕೆ ಇಳಿಯುವವರು

ಪುದಿಯಾಪ್ಳೆಗೆ ಇಲ್ಲ ಎನ್ನಬಾರದು. ಕಕ್ಕಿಂಜೆಯ ಮೈಮೂನಮ್ಮನ ಮನೆಯಲ್ಲಿ ಇದು ಬರೆದಿಡದ ಕಾನೂನು. ಹೊಸ ಅಳಿಯ ಬಂದನೆಂದರೆ ಕೋಳಿ ತಾನಾಗಿ ಹೆದರುತ್ತದೆ, ಮನೆಯವರ ನಾಲಗೆಗೆ ಬೀಗ ಬೀಳುತ್ತದೆ. ಅವನು ಹಗಲನ್ನು ರಾತ್ರಿ ಎಂದರೆ ದೀಪ ಹಚ್ಚಿ ಇಡಬೇಕು. ಅವನಿಗೂ ಸುಖವಿಲ್ಲ ಎನ್ನಿ. ಬಡಿಸಿದ್ದನ್ನು ಬೇಡ ಎನ್ನುವ ಹಕ್ಕು ಅವನಿಗಿಲ್ಲ. ಹೊಟ್ಟೆ ಬಿರಿದರೂ ಇನ್ನೊಂದು ಅಕ್ಕಿರೊಟ್ಟಿಯ ಪತ್ತಿರ್ ತಿನ್ನಬೇಕು, ತಿಂದು ನಗಬೇಕು.

ಎರಡು ಸಾವಿರದ ನಾಲ್ಕರ ಜನವರಿಯಲ್ಲಿ ಆ ಮನೆಯ ಪುದಿಯಾಪ್ಳೆ ಹಾರಿಸ್. ಬಂಟ್ವಾಳದವನು, ಶಾರ್ಜಾದ ಒಂದು ಕಂಪೆನಿಯಲ್ಲಿ ಕೆಲಸ. ಮೈಮೂನಮ್ಮನ ಮಗಳು ರಿಫಾಳನ್ನು ಮದುವೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ರಜೆ ಮುಗಿಯುವ ಮೊದಲು ಹೆಂಡತಿಯ ಮನೆಯಲ್ಲಿ ಒಂದಷ್ಟು ದಿನ ಉಳಿಯಲು ಬಂದಿದ್ದ. ಬರುವಾಗ ಊರಿನ ಮೊಯ್ದೀನನ ಬಾಡಿಗೆ ಜೀಪಿನ ಮೇಲೆ ಎರಡು ಗೇರ್ ಸೈಕಲ್ ಕಟ್ಟಿಸಿಕೊಂಡು ಬಂದಿದ್ದ. ಗುಡ್ಡ ಹತ್ತುವ ಸೈಕಲ್‌ಗಳು, ದಪ್ಪ ಟಯರು, ಕ್ಯಾರಿಯರ್ ಇಲ್ಲ, ಸ್ಟಾಂಡ್ ಇಲ್ಲ, ಬೆಲ್ ಕೂಡ ಇಲ್ಲ. ಕಾರ್ಗೋದಲ್ಲಿ ಮುಂಬೈಗೆ ಬಂದು ಅಲ್ಲಿಂದ ಲಾರಿಯಲ್ಲಿ ಊರಿಗೆ ಬಂದವು. ಒಂದು ಅವನದು. ಇನ್ನೊಂದು ಹೆಂಡತಿಯ ಅಣ್ಣ ಶಾಫಿಗೆ ಉಡುಗೊರೆ.

ಶಾಫಿಗೆ ಬೆಳ್ತಂಗಡಿ ಪೇಟೆಯಲ್ಲಿ ಚಪ್ಪಲಿ ಅಂಗಡಿ. ಗಿರಾಕಿಗೆ ಇಲ್ಲ ಎಂದವನಲ್ಲ. ಎಂಟರ ಅಳತೆ ಇಲ್ಲದಿದ್ದರೆ ಒಂಬತ್ತನ್ನು ತೊಡಿಸಿ, ‘ಮಳೆಗಾಲಕ್ಕೆ ಸರಿ ಆಗ್ತದೆ’ ಎಂದು ಕಳಿಸುವ ಜಾತಿ. ಅಪ್ಪ ತೀರಿದ ಮೇಲೆ ತಂಗಿಯನ್ನು ಓದಿಸಿ ಮದುವೆ ಮಾಡಿದವನು ಅವನೇ. ಅವನಿಗೆ ಜೀವನದಲ್ಲಿ ಬೇಕಾಗಿದ್ದದ್ದು ಇಷ್ಟೇ, ರಿಫಾ ಚೆನ್ನಾಗಿರಬೇಕು. ಅವಳ ಗಂಡ ತನ್ನ ಮನೆಯಲ್ಲಿ ನಗುತ್ತ ಇರಬೇಕು.

ಭಾನುವಾರ ಬೆಳಿಗ್ಗೆ ಹಾರಿಸ್ ಕೇಳಿದ. “ಭಾವ, ಮೂಡಬಿದಿರೆಯ ಕಲ್ಲುಗುಡ್ಡ ನಾನು ನೋಡಿ ಆಯಿತು. ಇಲ್ಲಿ ಘಾಟಿ ಬದಿಯಲ್ಲಿ ಎಂತದಾದರೂ ಕಷ್ಟದ ದಾರಿ ಉಂಟಾ?”

ಉಂಟು. ಹಿಂದೆ ಒಂದು ಎಸ್ಟೇಟಿನವರು ಮೇಲಿನ ತೊರೆಯಿಂದ ನೀರು ತರಲು ಗುಡ್ಡದ ಪಕ್ಕೆಯನ್ನು ಕೊರೆದು ಪೈಪ್ ಹಾಕಿದ್ದರು. ಎಸ್ಟೇಟ್ ಮುಚ್ಚಿತು, ಪೈಪನ್ನು ಯಾರೋ ಕಿತ್ತು ಮಾರಿದರು, ಪೈಪಿನ ದಾರಿ ಮಾತ್ರ ಉಳಿಯಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಕಳೆದ ಮಳೆಗೆ ಅಲ್ಲಲ್ಲಿ ಜರಿದಿದೆ ಎಂದು ಸೌದೆಗೆ ಹೋದವರು ಹೇಳಿದ್ದನ್ನು ಶಾಫಿ ಕೇಳಿದ್ದ. ಹೇಳಬೇಕಾದ್ದು ಅದನ್ನು. ಅವನು ಹೇಳಿದ್ದು, “ಉಂಟು, ಹೋಗುವ.”

“ಜಾಗ್ರತೆ ಅಣ್ಣ,” ಎಂದಳು ರಿಫಾ, ಬಾಗಿಲಲ್ಲಿ ನಿಂತು. “ಇವರಿಗೆ ನಮ್ಮ ಊರಿನ ದಾರಿ ಗೊತ್ತಿಲ್ಲ.”

“ನಾನಿಲ್ಲವಾ?” ಎಂದ ಶಾಫಿ.

ಹೋಗುವಾಗ ಎಲ್ಲ ಸುಸೂತ್ರ. ಬಂಡೆ ಎಡಕ್ಕೆ, ಕಣಿವೆ ಬಲಕ್ಕೆ. ಹಾರಿಸ್ ಮುಂದೆ, ಶಾಫಿ ಹಿಂದೆ. ಎಲ್ಲಿ ದಾರಿ ಕಿರಿದಾಯಿತೋ ಅಲ್ಲಿ ಶಾಫಿ ಎಡಗಾಲು ಊರಿ, ಬಲಗಾಲನ್ನು ಹಿಂದಿನಿಂದ ಎತ್ತಿ ಇಳಿಯುತ್ತಿದ್ದ, ಸೈಕಲನ್ನು ತಳ್ಳಿಕೊಂಡು ದಾಟುತ್ತಿದ್ದ. ನಮ್ಮ ಊರುಗಳಲ್ಲಿ ಸೈಕಲ್ ಕಲಿತವರೆಲ್ಲ ಎಡದಿಂದಲೇ ಹತ್ತಿ ಎಡಕ್ಕೇ ಇಳಿಯುವವರು. ಬಾಡಿಗೆ ಸೈಕಲಿನಲ್ಲಿ ಕಾಲು ತೂರಿಸಿ ಕಲಿತ ಆ ಪಾಠ ಸಾಯುವ ತನಕ ಮೈಯಲ್ಲೇ ಇರುತ್ತದೆ. ತಲೆಗೆ ಅದು ಗೊತ್ತೂ ಇರುವುದಿಲ್ಲ.

ದಾರಿ ಮುಗಿಯುವಲ್ಲಿ ತೊರೆಗೆ ಅಡ್ಡ ಹಾಕಿದ ಹಳೆಯ ಕಟ್ಟ, ಅದರಾಚೆ ಬರೀ ಬಂಡೆ. ಇಬ್ಬರೂ ನೀರು ಕುಡಿದರು, ಮೈಮೂನಮ್ಮ ಕಟ್ಟಿಕೊಟ್ಟ ಅಕ್ಕಿಹಿಟ್ಟಿನ ಪಿಂಡಿ ತಿಂದರು. ಹಾರಿಸ್ ಒಮಾನಿನ ಗುಡ್ಡಗಳ ಕಥೆ ಹೇಳಿದ. ಅಲ್ಲಿಯ ದಾರಿಗಳ ಮುಂದೆ ಇದು ಮಕ್ಕಳ ಆಟ ಎಂದ. ಶಾಫಿ ಹೌದೌದು ಎಂದ. ಹಿಂದಿರುಗಲು ಸೈಕಲ್ ತಿರುಗಿಸಿದಾಗಲೇ ಅವನಿಗೆ ಹೊಳೆದದ್ದು, ಈಗ ಕಣಿವೆ ಎಡಕ್ಕೆ ಬಂದಿದೆ.

ಅವನು ಸೈಕಲಿನ ಎಡಬದಿಗೆ ನಿಂತು ತಳ್ಳಲು ನೋಡಿದ. ಎಡಗಾಲಿನ ಕೆಳಗಿಂದ ಒಂದು ಹಿಡಿ ಮಣ್ಣು ಜಾರಿ ಹೋಯಿತು. ಬಲಬದಿಗೆ ಹೋಗಿ ನಿಂತರೆ ಬಂಡೆಗೂ ಸೈಕಲಿಗೂ ನಡುವೆ ಅವನ ಹೊಟ್ಟೆ ಹಿಡಿಸಲಿಲ್ಲ, ಹ್ಯಾಂಡಲ್ ಕೂಡ ಮಾತು ಕೇಳಲಿಲ್ಲ.

“ತಳ್ಳಬೇಡಿ ಭಾವ,” ಎಂದ ಹಾರಿಸ್. “ತಳ್ಳಲಿಕ್ಕೆ ಇಬ್ಬರ ಜಾಗ ಬೇಕು. ಕೂತು ಬಿಟ್ಟರೆ ಒಬ್ಬನ ಜಾಗ ಸಾಕು. ದೂರ ನೋಡಿ, ನಿಧಾನಕ್ಕೆ ಬಿಡಿ.”

ಮಾತು ಸರಿಯಾಗಿಯೇ ಇತ್ತು. ಸರಿಯಾದ ಮಾತು ಯಾರಿಗೆ ಸರಿ ಎಂಬುದೊಂದೇ ಪ್ರಶ್ನೆ. ‘ನನ್ನಿಂದ ಆಗುವುದಿಲ್ಲ, ಸೈಕಲನ್ನು ಇಲ್ಲೇ ಬಿಟ್ಟು ನಡೆಯುವ, ನಾಳೆ ಜನ ಕರಕೊಂಡು ಬರುವ’ ಎಂದು ಶಾಫಿಯ ಬಾಯಿಯ ತನಕ ಬಂತು. ಆದರೆ ಉಡುಗೊರೆ ಕೊಟ್ಟವನ ಎದುರು ಉಡುಗೊರೆಯನ್ನು ಕಾಡಿನಲ್ಲಿ ಬಿಡುವುದು ಹೇಗೆ? ಅವನು ಸೀಟಿನ ಮೇಲೆ ಕೂತ.

ಅರ್ಧ ದಾರಿಯಲ್ಲಿ ಬಂಡೆ ಹೊಟ್ಟೆ ಮುಂದೆ ಮಾಡಿಕೊಂಡು ನಿಂತ ಒಂದು ಜಾಗ. ದಾರಿ ಅಲ್ಲಿ ಒಂದು ಮೊಳ, ಅದೂ ಕಣಿವೆಯ ಕಡೆಗೆ ಓರೆ. ಹೋಗುವಾಗ ಅದು ಅಷ್ಟು ಕೆಟ್ಟದಾಗಿ ಕಂಡಿರಲಿಲ್ಲ. ಮುಂದೆ ಹೋಗುತ್ತಿದ್ದ ಹಾರಿಸನ ಚಕ್ರ ಒಂದು ಬೇರಿಗೆ ತಾಗಿ ನಿಂತಿತು. ಅವನು ಬಲಗೈಯಿಂದ ಬಂಡೆಯನ್ನು ಹಿಡಿದ. ಅವನ ಎಡಗಾಲು ಪೆಡಲ್ ಬಿಟ್ಟು ತಾನಾಗಿ ಕೆಳಗೆ ಹೋಯಿತು, ನೆಲ ಸಿಗದೆ ಗಾಳಿಯಲ್ಲಿ ಒಂದು ಸಲ ಒದ್ದುಕೊಂಡಿತು, ಮತ್ತೆ ಮೇಲೆ ಬಂತು. ಶಾಫಿ ಅದನ್ನು ಹಿಂದಿನಿಂದ ನೋಡಿದ. ನೋಡುತ್ತಲೇ ಬ್ರೇಕ್ ಒತ್ತಿ, ಬಲಗಾಲನ್ನು ಬಂಡೆಯ ಬುಡಕ್ಕೆ ಒತ್ತಿ ತಾನೂ ನಿಂತ.

ಆಮೇಲೆ ಇಬ್ಬರೂ ಅಲುಗಾಡಲಿಲ್ಲ. ಅತ್ತ ದರಿ ಇತ್ತ ಪುಲಿ ಎಂಬ ಗಾದೆಯನ್ನು ಶಾಫಿ ಶಾಲೆಯಲ್ಲಿ ಬಾಯಿಪಾಠ ಮಾಡಿ ಅಂಕ ತೆಗೆದಿದ್ದ. ಇಲ್ಲಿ ಪುಲಿ ಇರಲಿಲ್ಲ, ಬರೀ ದರಿ. ಕೆಳಗೆ ಮರಗಳ ತುದಿ ಕಾಣುತ್ತಿತ್ತು, ಬುಡ ಕಾಣುತ್ತಿರಲಿಲ್ಲ. ದೂರದಲ್ಲಿ ಘಾಟಿ ಹತ್ತುವ ಬಸ್ಸಿನ ಹಾರ್ನ್ ಕೇಳಿತು. ಅದರಲ್ಲಿ ಜನ ಕಡಲೆ ತಿನ್ನುತ್ತ ಕೂತಿರುತ್ತಾರೆ ಎಂದು ನೆನೆದು ಅವನಿಗೆ ಅವರ ಮೇಲೆಲ್ಲ ಸಿಟ್ಟು ಬಂತು.

“ಮುಂದೆ ಹೋಗುವ ಹಾರಿಸ್ರೇ,” ಎಂದ, ಮೆಲ್ಲಗೆ.

“ಹೋಗುವ,” ಎಂದ ಹಾರಿಸ್. ಹೋಗಲಿಲ್ಲ.

ಬಿಸಿಲು ಬಂಡೆಯ ಮೇಲೆ ಬಂತು. ಶಾಫಿಯ ಬಲಗಾಲಿನ ಮೀನಖಂಡ ನಡುಗತೊಡಗಿತು. ಮೈ ಒಂದೇ ಸಮನೆ ಹೇಳುತ್ತಿತ್ತು, ಎಡಕ್ಕೆ ಇಳಿ, ಎಡಕ್ಕೆ ಇಳಿ, ಯಾವಾಗಲೂ ಇಳಿಯುವ ಹಾಗೆ. ಆ ಮಾತು ಎಷ್ಟು ಸಹಜವಾಗಿತ್ತೆಂದರೆ ಅದೇ ಅವನಿಗೆ ಕಣಿವೆಗಿಂತ ಹೆಚ್ಚು ಹೆದರಿಕೆ ತಂದಿತು. ಒಂದು ಕ್ಷಣ ಮೈಮರೆತರೆ ಸಾಕು, ಕಾಲು ತನ್ನ ಬುದ್ಧಿಯನ್ನು ತೋರಿಸುತ್ತದೆ.

“ಭಾವ,” ಹಾರಿಸನ ಧ್ವನಿ ಬೇರೆ ಯಾರದೋ ಆಗಿತ್ತು. ತಲೆ ತಿರುಗಿಸಲಿಲ್ಲ. “ನನಗೆ ಇಳಿಯಲಿಕ್ಕೆ ಆಗುವುದಿಲ್ಲ. ಒಮಾನಿನಲ್ಲಿ ನಾನು ಹತ್ತಲಿಲ್ಲ. ಬೇರೆಯವರು ಹತ್ತಿದ್ದು. ನಾನು ಕೆಳಗೆ ಕಾರಿನ ಹತ್ತಿರ ಇದ್ದೆ.”

ಶಾಫಿಗೆ ಮೊದಲು ನಗು ಬಂತು, ಆಮೇಲೆ ಅಳು. ಎರಡಕ್ಕೂ ಜಾಗ ಇರಲಿಲ್ಲ. “ಮತ್ತೆ ಬೆಳಿಗ್ಗೆ ಯಾಕೆ ಕೇಳಿದ್ದು ಮಾರಾಯರೇ?”

“ನೀವು ಬೇಡ ಅಂತೀರಿ ಅಂತ ಎಣಿಸಿದೆ. ಈ ದಾರಿಯ ಬಾಯಿಯಲ್ಲಾದರೂ ಹೇಳ್ತೀರಿ ಅಂತ.”

ಹೀಗೆ ಮರ್ಯಾದಸ್ಥರಿಬ್ಬರು ಒಬ್ಬರಿಗೊಬ್ಬರು ಬಡಿಸುತ್ತ ಬಡಿಸುತ್ತ ಬಂಡೆಯ ಅಂಚಿಗೆ ಬಂದು ನಿಂತಿದ್ದರು. ಶಾಫಿಯ ಕಣ್ಣಿಗೆ ರಿಫಾ ಕಂಡಳು. ಬಾಗಿಲಲ್ಲಿ ನಿಂತವಳು, ಕೈಯ ಮದರಂಗಿಯ ಬಣ್ಣ ಇನ್ನೂ ಪೂರ್ತಿ ಹೋಗದವಳು. ಇವನನ್ನು ಬಿಟ್ಟು ತಾನೊಬ್ಬನೇ ಅವಳ ಎದುರು ಹೋಗಿ ನಿಲ್ಲುವುದನ್ನು ಅವನು ಊಹಿಸಿದ, ಊಹಿಸಲಾಗದೆ ಕಣ್ಣು ಮುಚ್ಚಿದ. ಕಣ್ಣು ತೆರೆದು ಬಾಯಿ ಬಿಟ್ಟೇ ಹೇಳಿದ.

“ನನ್ನಿಂದಲೂ ಆಗುವುದಿಲ್ಲ.”

ಹೇಳಿದ ಮೇಲೆ ಕೈಗಳಿಗೆ ಸ್ವಲ್ಪ ಬಲ ಬಂತು. ಬಂಡೆಗೆ ಮೈಯನ್ನು ಪೂರ್ತಿ ಆನಿಸಿ, ಬಲಗಾಲಿನ ಮೇಲೆ ಭಾರ ಹಾಕಿ, ಹುಟ್ಟಿದಂದಿನಿಂದ ಮಾಡದ ಕೆಲಸ ಮಾಡಿದ. ಎಡಗಾಲನ್ನು ಹಿಂದಿನಿಂದ ಎತ್ತಿ ಬಲಕ್ಕೆ ಇಳಿದ. ಕಾಲು ಇಡಲು ಜಾಗ ಬೇಕಾಗಿತ್ತು, ಜಾಗ ಬೇಕಾದರೆ ಸೈಕಲ್ ಹೋಗಬೇಕಾಗಿತ್ತು. ಅವನು ಹ್ಯಾಂಡಲ್ ಬಿಟ್ಟ. ಉಡುಗೊರೆ ಒಂದು ಸಲ ಬಂಡೆಗೆ ಬಡಿಯಿತು, ಮರಗಳ ಎಡೆಯಲ್ಲಿ ಇನ್ನೊಂದು ಸಲ ಸದ್ದು ಮಾಡಿತು, ಮತ್ತೆ ಕೇಳಿಸಲಿಲ್ಲ.

ಆ ಸದ್ದಿಗೆ ಹಾರಿಸ್ ಮುದುಡಿಕೊಂಡ. ಶಾಫಿ ಬಂಡೆಯನ್ನು ತಬ್ಬಿಕೊಂಡೇ ಅವನ ಹಿಂದೆ ಬಂದ, ಒಂದು ಕೈಯಲ್ಲಿ ಅವನ ಸೊಂಟದ ಬೆಲ್ಟ್ ಹಿಡಿದ, ಇನ್ನೊಂದರಲ್ಲಿ ಸೀಟಿನ ಕೆಳಗಿನ ಸರಳು.

“ಇಳಿ,” ಎಂದ. “ಬಲಕ್ಕೆ.”

“ಆಗುವುದಿಲ್ಲ ಭಾವ.”

“ಮಾತಾಡಬೇಡ. ಎಡಗಾಲು ಎತ್ತು. ನಾನು ಹೇಳಿದ ಹಾಗೆ ಮಾಡು.”

ಪುದಿಯಾಪ್ಳೆಯನ್ನು ಏಕವಚನದಲ್ಲಿ ಮಾತಾಡಿಸಿದ್ದು ಇಬ್ಬರಿಗೂ ಆಗ ತಿಳಿಯಲೇ ಇಲ್ಲ. ಹಾರಿಸ್ ಮಗುವಿನ ಹಾಗೆ ಕಾಲು ಎತ್ತಿದ, ಬಲಕ್ಕೆ ಇಳಿದ, ಬಂಡೆಗೆ ಹಣೆ ಒತ್ತಿ ನಿಂತ. ಅವನ ಸೈಕಲನ್ನು ಶಾಫಿ ಹಿಂದಿನಿಂದ ಹಿಡಿದುಕೊಂಡೇ ಇದ್ದುದರಿಂದ ಅದು ಉಳಿಯಿತು. ಒಬ್ಬ ಹಿಂದೆ, ಒಬ್ಬ ಮುಂದೆ ಹಿಡಿದು ಅದನ್ನು ಉರುಳಿಸಿಕೊಂಡು ಅಗಲದ ಜಾಗಕ್ಕೆ ಬಂದರು. ಅಲ್ಲಿ ಇಬ್ಬರೂ ನೆಲದ ಮೇಲೆ ಬಿದ್ದುಕೊಂಡರು.

ಹಾರಿಸ್ ಎದ್ದು ಕೂತು ಹೇಳಿದ, “ಭಾವ, ಇದು ಮನೆಯಲ್ಲಿ ಗೊತ್ತಾಗಬಾರದು. ಒಮಾನಿನದ್ದೂ, ಇಲ್ಲಿಯದ್ದೂ. ರಿಫಾಳಿಗಂತೂ ಗೊತ್ತೇ ಆಗಬಾರದು. ಮಾತು ಕೊಡಿ.”

ಬದುಕಿ ಬಂದ ಸಂತೋಷದಲ್ಲಿ ಶಾಫಿ ಮಾತು ಕೊಟ್ಟ. ಹೂಂ ಎನ್ನುವ ಚಟ ಅಷ್ಟು ಬೇಗ ಬಿಡುತ್ತದೆಯೇ?

ಮನೆಗೆ ಬಂದಾಗ ಊಟದ ಹೊತ್ತು ಮೀರಿತ್ತು. ಇನ್ನೊಂದು ಸೈಕಲ್ ಎಲ್ಲಿ ಎಂದು ಕೇಳಿದವರಿಗೆ, ಗೇರ್ ಕೆಟ್ಟಿತು, ರಿಪೇರಿಗೆ ಬಿಟ್ಟಿದ್ದೇವೆ ಎಂದ ಹಾರಿಸ್. ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತ ಮೇಲೆ ಅವನ ಬಣ್ಣ ಮರಳಿತು. ಮೈಮೂನಮ್ಮ ಬಡಿಸುತ್ತಿದ್ದಳು. ರಿಫಾ ಕೇಳಿದಳು, ದಾರಿ ಹೇಗಿತ್ತು?

“ಒಳ್ಳೆ ದಾರಿ,” ಎಂದ ಹಾರಿಸ್. “ಭಾವನಿಗೆ ಸ್ವಲ್ಪ ಹೆದರಿಕೆ ಆಯಿತು. ಒಂದು ಕಡೆ ನಿಂತುಬಿಟ್ಟರು. ನಾನು ಹೋಗಿ ಕರಕೊಂಡು ಬರಬೇಕಾಯಿತು.”

ಎಲ್ಲರೂ ನಕ್ಕರು. ಶಾಫಿಯೂ ನಕ್ಕ. ಇಷ್ಟಾದರೂ ನಿಲ್ಲಬಹುದಿತ್ತು. ಹಾರಿಸ್ ಮುಂದುವರಿಸಿದ, “ಬರುವ ಭಾನುವಾರ ಬಂಟ್ವಾಳದಿಂದ ನನ್ನ ಗೆಳೆಯರನ್ನು ಕರೀತೇನೆ. ಅವರಲ್ಲಿ ವಿಡಿಯೋ ಕ್ಯಾಮೆರಾ ಉಂಟು. ಕಟ್ಟದಿಂದ ಈಚೆಗೆ ನಿಲ್ಲಿಸದೆ ಸೈಕಲ್ ಬಿಡ್ತೇನೆ.”

ಶಾಫಿ ಅವನ ಮುಖ ನೋಡಿದ. ತಮಾಷೆ ಅಲ್ಲ. ಬೆಳಗಿನ ನಡುಕ ಅವನಿಗೇ ಸುಳ್ಳಾಗಿಬಿಟ್ಟಿತ್ತು, ಹೇಳಿದ ಕಥೆಯೇ ನಿಜವಾಗಿತ್ತು. ಗೆಳೆಯರ ಎದುರು, ಕ್ಯಾಮೆರಾದ ಎದುರು, ಅವನು ಇಳಿಯುವವನಲ್ಲ. ಇಳಿದರೆ ಎಡಕ್ಕೇ ಇಳಿಯುವವನು.

“ಹೋಗುವುದು ಬೇಡ,” ಎಂದ ಶಾಫಿ.

ಸೌಟು ಹಿಡಿದ ಮೈಮೂನಮ್ಮನ ಕೈ ನಿಂತಿತು. “ಎಂತ ಹೇಳ್ತಿ ಶಾಫಿ?”

“ಆ ದಾರಿಗೆ ಸೈಕಲ್ ಹೋಗುವುದಿಲ್ಲ ಉಮ್ಮ. ಇವರ ಕೈಯಲ್ಲಿ ಆಗುವಂಥದ್ದಲ್ಲ ಅದು.”

“ನಿನ್ನ ಕೈಯಲ್ಲಿ ಆಗುವುದಿಲ್ಲ ಅಂತ ಹೇಳು,” ಎಂದಳು ಉಮ್ಮ, ಗದರಿಸಿ. “ಪುದಿಯಾಪ್ಳೆಗೆ ಹೀಗೆ ಹೇಳುವುದಾ?”

“ನನ್ನ ಕೈಯಲ್ಲೂ ಆಗುವುದಿಲ್ಲ. ಇವರ ಕೈಯಲ್ಲೂ ಆಗುವುದಿಲ್ಲ.”

ಹಾರಿಸನ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ಎಲ್ಲವನ್ನೂ ಹೇಳಿಬಿಡುತ್ತಾನೇನೋ ಎಂದು ಶಾಫಿಯ ಬಾಯಿಯನ್ನೇ ನೋಡಿದ. ಶಾಫಿ ಆ ಬಾಯಿಗೆ ಒಂದು ತುತ್ತು ಇಟ್ಟುಕೊಂಡ. ಹಾರಿಸ್ ಅರ್ಧ ಊಟದಲ್ಲಿ ಎದ್ದು ಕೈ ತೊಳೆದ. ಪುದಿಯಾಪ್ಳೆ ಅರ್ಧ ಊಟದಲ್ಲಿ ಏಳುವುದನ್ನು ಆ ಮನೆ ಕಂಡಿರಲಿಲ್ಲ. ಮೈಮೂನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸಂಜೆಗೆ ಮೊಯ್ದೀನನ ಜೀಪು ಅಂಗಳಕ್ಕೆ ಬಂತು. ಪೆಟ್ಟಿಗೆಗಳು ಒಳಗೆ, ಸೈಕಲ್ ಮೇಲೆ. ಮೊಯ್ದೀನ್ ಹಗ್ಗ ಬಿಗಿದ. ಹಾರಿಸ್ ಮುಂದಿನ ಸೀಟಿನಲ್ಲಿ ಕೂತು ರಸ್ತೆಯನ್ನೇ ನೋಡುತ್ತಿದ್ದ. ಶಾಫಿ ಜೀಪಿನ ಹತ್ತಿರ ಹೋದ. ಹಿಂದಿನ ಸೀಟಿನಲ್ಲಿ ಕೂತ ರಿಫಾಳ ಕಣ್ಣು ಅತ್ತು ಊದಿತ್ತು.

“ಎಂತ ಆಯಿತು ನಿನಗೆ ಅಣ್ಣ? ಎಲ್ಲರ ಎದುರು ಹಾಗೆ ಹೇಳಲಿಕ್ಕೆ ಅವರು ಎಂತ ತಪ್ಪು ಮಾಡಿದ್ದು?”

ಹೇಳಿದರೆ ಒಂದೇ ಮಾತು, ತಂಗಿ ತಿಳಿದುಕೊಳ್ಳುತ್ತಿದ್ದಳು. ಆದರೆ ತಿಂಗಳ ಹಿಂದೆ ಕಟ್ಟಿಕೊಂಡ ಗಂಡನನ್ನು ಅವಳು ಮತ್ತೆ ಹಾಗೆಯೇ ನೋಡುತ್ತಿರಲಿಲ್ಲ. ಕೊಟ್ಟ ಮಾತೂ ಇತ್ತು. ಶಾಫಿ ಸೈಕಲಿನ ಹಗ್ಗದ ಗಂಟನ್ನು ಎಳೆದು ನೋಡಿದ.

“ಮಾತಾಡುವುದಿಲ್ಲ ಅಲ್ಲವಾ?” ಎಂದಳು ರಿಫಾ. “ಇನ್ನು ಅವರು ಈ ಮನೆಗೆ ಬರ್ತಾರೆ ಅಂತ ಎಣಿಸಬೇಡ.”

“ಇಲ್ಲಿಗೆ ಬರದಿದ್ದರೂ ಆಗ್ತದೆ ರಿಫಾ,” ಎಂದ ಶಾಫಿ. “ಎಲ್ಲಿಯಾದರೂ ಇದ್ದರೆ ಸಾಕು.”

ಅವಳಿಗೆ ಅರ್ಥವಾಗಲಿಲ್ಲ. ಸಿಟ್ಟಿನಿಂದ ಮುಖ ತಿರುಗಿಸಿದಳು. ಮೊಯ್ದೀನ್ ಇಂಜಿನ್ ಶುರು ಮಾಡಿದ.

“ನಿಲ್ಲಿಸಿ,” ಎಂದ ಹಾರಿಸ್. ಯಾರ ಕಡೆಗೂ ನೋಡಲಿಲ್ಲ. “ಮೇಲಿನ ಸೈಕಲ್ ಇಳಿಸಿ ಮೊಯ್ದೀನಾಕ. ಅದು ನನಗೆ ಬೇಡ.”

ಮೊಯ್ದೀನ್ ಗೊಣಗುತ್ತ ಮೇಲೆ ಹತ್ತಿ, ಆಗಷ್ಟೇ ಬಿಗಿದ ಹಗ್ಗವನ್ನು ಬಿಚ್ಚತೊಡಗಿದ.