ಡಬ್ಬಿ ಇಲ್ಲದ ಬೋರ್ಡು

ತಮೊತ್ಸು ಕೈ ಇಟ್ಟರೆ ಸತ್ತ ರೇಡಿಯೊ ಕೂಡ ಮಾತಾಡುತ್ತದೆ ಎಂದು ಒಸಾಕಾದ ನಿಪ್ಪೊಂಬಾಶಿಯ ಬಿಡಿಭಾಗದ ಅಂಗಡಿಗಳಲ್ಲಿ ಮಾತಿತ್ತು. ಆ ಹೆಸರೇ ಅವನಿಗೆ ಮುಳುವಾಯಿತು ನೋಡಿ.

ಹೆಂಡತಿ ಚಿಯೊಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಎಡಗೈ ಹೆಬ್ಬೆರಳೊಂದೇ ಹೇಳಿದ ಮಾತು ಕೇಳುತ್ತಿತ್ತು. ಟಿವಿ ರಿಮೋಟಿಗೆ ಅಷ್ಟು ಸಾಕಿತ್ತು. ಆದರೆ ಮಗಳು ಸಪ್ಪೊರೊದಿಂದ ಕಳಿಸಿದ ಮೊಮ್ಮಗಳ ಫೋಟೊಗಳಿದ್ದದ್ದು ಕಂಪ್ಯೂಟರಿನಲ್ಲಿ. ಮೌಸು ಅವಳಿಗೆ ಒಗ್ಗಲಿಲ್ಲ. ಒಂದೊಂದು ಫೋಟೊ ಬದಲಿಸಲೂ ಗಂಡನನ್ನು ಕೂಗಬೇಕಿತ್ತು.

"ಈ ರಿಮೋಟು ಕಂಪ್ಯೂಟರಿಗೂ ಕೆಲಸ ಮಾಡೋ ಹಾಗೆ ಮಾಡ್ರೀ. ಯಾರನ್ನೂ ಕರೀದೆ ನಾನೇ ಒತ್ತಿ ನೋಡ್ಬೇಕು."

"ಅದೇನು ಮಹಾ," ಎಂದ ತಮೊತ್ಸು.

ರಿಮೋಟಿನ ಸಂಕೇತ ಹಿಡಿಯುವ ಮೂರು ಕಾಲಿನ ಸೆನ್ಸರನ್ನೂ ಅದರ ಜೊತೆಗೆ ಬೇಕಾದ ನಾಲ್ಕು ಚಿಲ್ಲರೆ ಬಿಡಿಭಾಗಗಳನ್ನೂ ತಂದು, ಸರ್ಕ್ಯೂಟ್ ಬೋರ್ಡಿನ ಚೂರಿಗೆ ಬೆಸುಗೆ ಹಾಕಿ, ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸಿದ. ರಿಮೋಟು ಒತ್ತಿ ನೋಡಿದ. ಮಧ್ಯಾಹ್ನದ ಊಟದ ಹೊತ್ತಿಗೆ ಫೋಟೊ ಬದಲಾಗಿತ್ತು. ಅಲ್ಲಿಗೆ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆದರೆ ಡಬ್ಬಿ ಇಲ್ಲದ ಬೋರ್ಡು ನಲವತ್ತು ವರ್ಷದ ರಿಪೇರಿ ಕಸುಬಿನಲ್ಲಿ ಅವನ ಮೇಜು ದಾಟಿದ್ದಿಲ್ಲ. ಪುಣ್ಯಾತ್ಮ ಅದನ್ನು ಬಿಚ್ಚಿಕೊಂಡು ಹೊರಟ.

"ಹಾಗೇ ಇರ್ಲಿ ಬಿಡ್ರೀ. ನಾನೇನು ಗಿರಾಕೀನಾ?"

"ಸುಮ್ನಿರೇ. ತಂತಿ ನೇತಾಡೋ ಸಾಮಾನು ಹೆಂಡ್ತಿಗೆ ಕೊಟ್ಟೆ ಅಂದ್ರೆ ಬೀದೀಲಿ ತಲೆ ಎತ್ತೋ ಹಾಗಿಲ್ಲ."

ಅಲ್ಯೂಮಿನಿಯಂ ಡಬ್ಬಿ ತಂದ. ತೂತು ಕೂದಲೆಳೆಯಷ್ಟು ಓರೆಯಾಯಿತೆಂದು ಎಸೆದು ಇನ್ನೊಂದು ತಂದ. ಬಣ್ಣ ಬಳಿದ, ಹೊಳಪು ಸಾಲದೆಂದು ಕೆರೆದು ಮತ್ತೆ ಬಳಿದ. ಸೆನ್ಸರಿನ ಮುಂದೆ ಕೂರಿಸಲು ಸರಿಯಾದ ಕೆಂಪು ಗಾಜಿಗಾಗಿ ಅಂಗಡಿ ಅಂಗಡಿ ಅಲೆದ. ಚಿಯೊ ಕೇಳುವುದನ್ನೇ ಬಿಟ್ಟಳು. ಆರನೆಯ ವಾರ ಅವಳಿಗೆ ಮತ್ತೆ ಲಕ್ವ ಹೊಡೆಯಿತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ ಅವಳು ಆಸ್ಪತ್ರೆ ಸೇರಿದ ಎರಡೇ ದಿನದಲ್ಲಿ ಡಬ್ಬಿ ಮುಗಿಯಿತು. ಮನೆಗೆ ಕರೆತಂದು, ದಿಂಬಿಗೊರಗಿಸಿ, ಎಡಗೈಯಲ್ಲಿ ರಿಮೋಟು ಇಟ್ಟ. ಹೆಬ್ಬೆರಳು ಅಲುಗಲಿಲ್ಲ. ಅವಳ ಹಣೆ ಬೆವರಿತು, ಬೆರಳು ಮಾತ್ರ ಇಟ್ಟಲ್ಲೇ ಇತ್ತು.

ಅದರ ಮೇಲೆ ತನ್ನ ಹೆಬ್ಬೆರಳಿಟ್ಟು ಅವನೇ ಒತ್ತಿದ. ಪರದೆಯಲ್ಲಿ ಮೊಮ್ಮಗಳು ಹಿಮದಲ್ಲಿ ಬಿದ್ದು ನಗುತ್ತಿದ್ದಳು.

"ನೋಡೇ, ನೀನೇ ಒತ್ತಿದ್ದು," ಎಂದ.

ಚಿಯೊ ಫೋಟೊ ನೋಡಿದಳು, ಆಮೇಲೆ ಅವನನ್ನು ನೋಡಿದಳು. ಮಾತು ತೊದಲುತ್ತಿತ್ತು.

"ಡಬ್ಬಿ ಚೆನ್ನಾಗಿದೆ ರೀ," ಎಂದಳು.

ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.