ಉದ್ಯೋಗದ ಕಾಲಂ

ಕಮಲಾಪುರ ಬಂತೆಂದು ಕಂಡಕ್ಟರ್ ಎರಡು ಸಲ ಕೂಗಿದರೂ ವಹಾಬ್ ಸೀಟು ಬಿಟ್ಟು ಏಳಲಿಲ್ಲ. ಕಂಡಕ್ಟರ್ ಹತ್ತಿರ ಬಂದು, "ಹುಮನಾಬಾದ್ ತನಕ ಟಿಕೀಟು ತಗೋತೀರೇನ್ರಿ?" ಎಂದ ಮೇಲೆ ಫೈಲನ್ನು ಎದೆಗವಚಿಕೊಂಡು ಇಳಿದ.

ಕಲಬುರಗಿಯ ಜೇವರ್ಗಿ ಕಾಲೋನಿಯ ಪುಟ್ಟ ಟ್ರಾವೆಲ್ ಆಫೀಸಿನಲ್ಲಿ ವೀಸಾ ಅರ್ಜಿ ತುಂಬುವುದು ಅವನ ಕೆಲಸ. ಸಂಜೆ ಕ್ಲಾಸಿನಲ್ಲಿ ಕಲಿತ ತನ್ನ ಇಂಗ್ಲಿಷನ್ನು ತಾನೇ ನಂಬದೆ, ಬರೆದ ಪ್ರತಿ ಸಾಲನ್ನೂ ಮೂರು ಸಲ ಓದುವವನು. ಹಾಗಿದ್ದೂ ಕಮಲಾಪುರದ ಶಿವಕಾಂತಮ್ಮನ ಅರ್ಜಿ ತಿರಸ್ಕೃತವಾಗಿತ್ತು. ಆಸ್ಟ್ರೇಲಿಯಾದಲ್ಲಿ ನರ್ಸ್ ಆಗಿರುವ ಮಗಳು ವಿದ್ಯಾವತಿಯ ಬಾಣಂತನಕ್ಕೆಂದು ಆರು ತಿಂಗಳು ಹೋಗಿ ಇರಬೇಕಾದವಳು ಆಕೆ. ಹೆರಿಗೆಗೆ ಇನ್ನು ಎರಡೇ ತಿಂಗಳು. ವೀಸಾ ಕೊಡದ ಕಾರಣ ಒಂದೇ ಸಾಲಿನಲ್ಲಿತ್ತು: ಅರ್ಜಿದಾರರು ತಮ್ಮ ದೇಶಕ್ಕೆ ಮರಳುತ್ತಾರೆಂಬುದಕ್ಕೆ ಪುರಾವೆ ಸಾಲದು. ಉದ್ಯೋಗದ ಕಾಲಮ್ಮಿನಲ್ಲಿ 'ಗೃಹಿಣಿ, ಆದಾಯವಿಲ್ಲ' ಎಂದು ಬರೆದವನು ಅವನೇ. ಫೋನಿನಲ್ಲಿ "ಏನ್ ಕೆಲಸ ಮಾಡ್ತೀರಿ ಅಕ್ಕಾ?" ಎಂದು ಕೇಳಿದಾಗ ಆಕೆ "ಏನೂ ಇಲ್ರಿ" ಅಂದಿದ್ದಳು. ಇನ್ನೊಂದು ಪ್ರಶ್ನೆಯನ್ನು ಅವನು ಕೇಳಿರಲಿಲ್ಲ.

ಆಕೆಯ ಮನೆಗೆ ಬೀಗವಿತ್ತು. ಪಕ್ಕದ ಮನೆಯವರು ಹೊಲದ ದಾರಿ ತೋರಿಸಿದರು. ಅಲ್ಲಿ ಕೆಂಪು ಬಾಳೆಯ ಸಾಲುಗಳ ನಡುವೆ, ಗೊನೆಯ ಭಾರಕ್ಕೆ ವಾಲಿದ ಗಿಡಕ್ಕೆ ಶಿವಕಾಂತಮ್ಮ ಬಿದಿರಿನ ಗಳ ಆನಿಸುತ್ತಿದ್ದಳು.

"ಬರ್ರಿ ವಹಾಬಣ್ಣ. ಇದೀಟು ಹಿಡೀರಿ," ಎಂದು ಗಳವನ್ನು ಅವನ ಕೈಗೆ ಕೊಟ್ಟಳು. "ಇಂಗ್ಲಿಷ್ ಬರದಾಕಿ ಅಂತ ಬ್ಯಾಡ ಅಂದ್ರೇನ್ರಿ ಅವರು? ಮಗಳು ಫೋನಿನ್ಯಾಗ ಅಳಾಕತ್ತಿದ್ಳು. ನನ್ನ ಹಣೆಬರಹ ಬಿಡು ಅಂದೆ."

ಹೂಂ ಅಂದುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ವಹಾಬ್ ಗಳವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ಹಣೆಬರಹ ಅಲ್ರಿ ಅಕ್ಕಾ. ಗಲತಿ ನಂದು. ನಿಮಗ ಕೆಲಸಿಲ್ಲ ಅಂತ ಬರದುಬಿಟ್ಟೆ. ಕೆಲಸಿಲ್ಲದಾಕಿ ಹೋದ್ರ ತಿರುಗಿ ಯಾಕ ಬರ್ತಾಳ ಅಂತಾರ ಅವರು."

ಶಿವಕಾಂತಮ್ಮ ಹಗ್ಗದ ಗಂಟು ಬಿಗಿದು ಮುಗಿಸಿದಳು. "ಮೂರು ಸಲ ಫೋನ್ ಮಾಡಿದ್ರಿ. ಒಂದ್ಸಲ ಬಂದು ನೋಡಿದ್ರ ಆಗ್ತಿರಲಿಲ್ಲೇನ್ರಿ?"

ಅವನು ತಲೆ ತಗ್ಗಿಸಿದ. ಆಮೇಲೆ ಬಾಳೆಯ ಸಾಲುಗಳತ್ತ ನೋಡಿ, "ಈ ಹೊಲ ಯಾರದ್ರಿ?" ಎಂದು ಕೇಳಿದ.

"ನಂದೇ. ನಮ್ಮಪ್ಪ ಕೊಟ್ಟಾನ. ಪಹಣಿ ಟ್ರಂಕಿನ್ಯಾಗ ಅದ."

"ನೀವು ಹೋದ್ರ ನೋಡಿಕೊಳ್ಳೋರು?"

"ತಮ್ಮ ಭೀಮಶಾ. ಆರು ತಿಂಗಳ ಮ್ಯಾಲೆ ಒಂದು ದಿನನೂ ಅವನ ಕೈಯಾಗ ಬಿಡಂಗಿಲ್ಲ. ನೀರು ಬಿಟ್ಟು ಮಲಗಿಬಿಡ್ತಾನ. ಅಲ್ಲಿ ನೋಡ್ರಿ, ಆ ಬಾಳಿ ಮರಿ ಹೋದ ವಾರ ಹಚ್ಚೀನಿ. ಅವು ಗೊನಿ ಹಾಕೋದ್ರಾಗ ನಾ ಇಲ್ಲಿರಬೇಕು."

ವಹಾಬ್ ಬದುವಿನ ಮೇಲೆ ಕುಳಿತು ಹೊಸ ಅರ್ಜಿ ಬಿಡಿಸಿದ. ಉದ್ಯೋಗದ ಕಾಲಮ್ಮಿನಲ್ಲಿ 'ಬಾಳೆ ಬೆಳೆಗಾರರು' ಎಂದು ಇಂಗ್ಲಿಷಿನಲ್ಲಿ ಬರೆದ. ಪಹಣಿ, ಬಾಳೆ ಮಾರಿದ ಚೀಟಿಗಳು ಅರ್ಜಿಗೆ ಬೇಕೆಂದ. ವೀಸಾ ಬಂದರೆ ಕಾಗದಗಳೆಲ್ಲ ಕೈಚೀಲದಲ್ಲೇ ಇರಲಿ, ದೊಡ್ಡ ಬ್ಯಾಗಿಗೆ ಹಾಕಬೇಡಿ, ವಿಮಾನ ಇಳಿದಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಎಂದೂ ಹೇಳಿದ.

"ಮಗಳಿಗಿ ನಾಕು ಹಣ್ಣು ಒಯ್ಯಬಹುದೇನ್ರಿ?"

"ಹಣ್ಣು ಒಳಗ ಬಿಡಂಗಿಲ್ರಿ. ಮುಚ್ಚಿ ಒಯ್ದ್ರ ದಂಡ ಹಾಕ್ತಾರ."

"ಹಂಗಾರ ಇಮಾನದಾಗೇ ತಿಂದುಬಿಡ್ತೀನಿ. ಹೊಟ್ಟಿ ಬಿಚ್ಚಿ ನೋಡಂಗಿಲ್ಲಲ್ಲ?" ಎಂದು ನಕ್ಕವಳು, ನಗು ನಿಂತ ಮೇಲೆ ಕೇಳಿದಳು: "ಈ ಸಲ ಕೊಡ್ತಾರೇನ್ರಿ?"

"ಗೊತ್ತಿಲ್ರಿ ಅಕ್ಕಾ."

ಅರ್ಜಿಯ ಜೊತೆಗೆ ಹೊಲದ ಫೋಟೊ ಇರಲೆಂದು ಅವನು ಮೊಬೈಲ್ ಎತ್ತಿದ. ಶಿವಕಾಂತಮ್ಮ ಗಿಡಗಳು ಚೆನ್ನಾಗಿ ಕಾಣಲೆಂದು ಸೆರಗು ಒತ್ತಿಕೊಂಡು ಬೇಗನೆ ಪಕ್ಕಕ್ಕೆ ಸರಿದಳು.

"ನೀವೂ ನಿಂದರ್ರಿ."

"ನಾನ್ಯಾಕ್ರಿ?" ಎನ್ನುತ್ತಲೇ ಮರಳಿ ಬಂದಳು. ಕೈ ಎಲ್ಲಿಡುವುದೆಂದು ತಿಳಿಯದೆ, ಕೊನೆಗೆ ವಾಲಿದ ಗೊನೆಯ ಕೆಳಗೆ ಅಂಗೈ ಕೊಟ್ಟು ನಿಂತಳು. ವಹಾಬ್ ಫೋಟೊ ತೆಗೆದು, ಮೂರು ಸಲ ನೋಡಿ, ಮೊಬೈಲನ್ನು ಕಿಸೆಗೆ ಹಾಕಿಕೊಂಡ. ಆಕೆಯ ಅಂಗೈ ಇನ್ನೂ ಅಲ್ಲೇ ಇತ್ತು.